ಡೆವ್‌ಆಪ್ಸ್ ಕೆಲಸ ಬಿಡಲೇ ಎಂದು ಕೇಳುವವರಿಗೆ

ತಿಂಗಳಿಗೊಬ್ಬರಾದರೂ ನನ್ನನ್ನು ಹೀಗೆ ಕೇಳುತ್ತಾರೆ: "ಡೆವ್‌ಆಪ್ಸ್‌ಗೆ ಸೇರಿ ಒಂದೂವರೆ ವರ್ಷವಾಯಿತು. ಪೂರ್ತಿ ಬಸವಳಿದಿದ್ದೇನೆ, ಹೇಳಿಕೊಡುವವರೂ ಯಾರಿಲ್ಲ. ಬಿಟ್ಟುಬಿಡಲೇ?" ಕೇಳುವವರಲ್ಲಿ ಹೆಚ್ಚಿನವರು ಬೆಂಗಳೂರಿನ ಸಣ್ಣ ಕಂಪನಿಗಳಲ್ಲಿ ಈ ಕೆಲಸವನ್ನು, ಅಂದರೆ ಸಾಫ್ಟ್‌ವೇರನ್ನು ಸರ್ವರಿಗೆ ಏರಿಸಿ ಅದು ಹಗಲಿರುಳು ನಡೆಯುವಂತೆ ನೋಡಿಕೊಳ್ಳುವುದನ್ನು, ಒಬ್ಬರೇ ಹೊತ್ತವರು. ದಣಿವು, ಮಾರ್ಗದರ್ಶನದ ಕೊರತೆ ಎಂದು ಅವರು ಎರಡು ಕಷ್ಟಗಳನ್ನು ಹೇಳುತ್ತಾರೆ. ನನ್ನ ಪಾಲಿಗೆ ಮೊದಲನೆಯದು ಎರಡನೆಯದರ ಹೊಟ್ಟೆಯಿಂದಲೇ ಹುಟ್ಟಿತ್ತು.

ನಾನು ಒಬ್ಬನೇ ಇದ್ದ ಕಂಪನಿಯ ಗ್ರಾಹಕರು ಕ್ಯಾಲಿಫೋರ್ನಿಯಾದವರು. ಬೇಸಿಗೆಯಲ್ಲಿ ಅಲ್ಲಿ ಮಧ್ಯಾಹ್ನ ಒಂದು ಗಂಟೆಯಾದರೆ ನಮಗೆ ನಡುರಾತ್ರಿ ಒಂದೂವರೆ. ವಾರಕ್ಕೆ ಎರಡು ಮೂರು ಸಲ ಆ ಹೊತ್ತಿಗೆ ಫೋನ್ ಬಡಿದುಕೊಳ್ಳುತ್ತಿತ್ತು: ಸರ್ವರಿನ ಡಿಸ್ಕ್ ಭರ್ತಿಯಾಗಿದೆ. ಮಗು ಏಳದಿರಲೆಂದು ಅಡುಗೆಮನೆಗೆ ಹೋಗಿ ಲ್ಯಾಪ್‌ಟಾಪ್ ತೆರೆದು, ಡಾಕರ್‌ನ (ಪ್ರೋಗ್ರಾಮುಗಳನ್ನು ಕಂಟೇನರ್ ಎಂಬ ಬೇರೆಬೇರೆ ಡಬ್ಬಿಗಳಲ್ಲಿ ಓಡಿಸುವ ತಂತ್ರಾಂಶ) ಲಾಗ್ ಫೈಲುಗಳಲ್ಲಿ, ಅಂದರೆ ನಡೆದದ್ದನ್ನೆಲ್ಲ ದಾಖಲಿಸುವ ಫೈಲುಗಳಲ್ಲಿ, ಅತಿ ದೊಡ್ಡದನ್ನು ಹುಡುಕಿ ಅಳಿಸುತ್ತಿದ್ದೆ. ಇಪ್ಪತ್ತು ಜಿಬಿಯ ಫೈಲನ್ನು ಅಳಿಸಿದರೂ ಡಿಸ್ಕ್ ಮಾತ್ರ ಶೇ. 100 ಎಂದೇ ತೋರಿಸುತ್ತಿತ್ತು. ಕಂಟೇನರನ್ನು ರೀಸ್ಟಾರ್ಟ್ ಮಾಡಿದರೆ ಜಾಗ ಸಿಗುತ್ತಿತ್ತು; ಏಕೆಂದು ತಿಳಿಯದೆ, ಅರ್ಥ ಗೊತ್ತಿಲ್ಲದ ಮಂತ್ರ ಹೇಳುವವನಂತೆ ಎರಡು ತಿಂಗಳು ಅದನ್ನೇ ಮಾಡಿದೆ.

ಪಕ್ಕದ ತಂಡದಲ್ಲಿ ಡೇಟಾಬೇಸ್ ನೋಡಿಕೊಳ್ಳುತ್ತಿದ್ದ ಹಿರಿಯರೊಬ್ಬರಿಗೆ ಒಂದು ದಿನ ಚಹಾ ಕುಡಿಯುವಾಗ ಇದನ್ನು ಹೇಳಿಕೊಂಡೆ. ಅವರು ನಕ್ಕು, "ನೀವು ಅಳಿಸಿದ್ದು ಹೆಸರು ಮಾತ್ರ ಕಣ್ರೀ. ಡಾಕರ್ ಆ ಫೈಲನ್ನ ತೆರೆದಿಟ್ಟುಕೊಂಡೇ ಇದೆ, ಅದು ಬಿಡೋ ತನಕ ಜಾಗ ವಾಪಸ್ ಬರಲ್ಲ" ಎಂದರು. ಡಾಕರ್ ತಾನಾಗಿ ಲಾಗ್ ಫೈಲಿಗೆ ಗಾತ್ರದ ಮಿತಿ ಹಾಕುವುದಿಲ್ಲ. ಅದರ ಸೆಟ್ಟಿಂಗ್ಸ್ ಫೈಲಿನಲ್ಲಿ ನಾವೇ ಬರೆಯಬೇಕು, ಬರೆದ ಮೇಲೆ ಹಳೆಯ ಕಂಟೇನರುಗಳನ್ನು ಹೊಸದಾಗಿ ಸೃಷ್ಟಿಸಬೇಕು, ಏಕೆಂದರೆ ಹೊಸ ಮಿತಿ ಹಳೆಯವಕ್ಕೆ ಅನ್ವಯಿಸುವುದಿಲ್ಲ. ಅರ್ಧ ಗಂಟೆಯ ಕೆಲಸ. ಅಂದು ರಾತ್ರಿ ಫೋನ್ ಬರಲಿಲ್ಲ, ಆದರೂ ಒಂದೂವರೆಗೆ ಸರಿಯಾಗಿ ನನಗೇ ಎಚ್ಚರವಾಯಿತು.

ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಬರ್ನ್‌ಔಟ್ ಅನ್ನು ರೋಗವೆಂದು ಕರೆಯದೆ, ಸರಿಯಾಗಿ ನಿಭಾಯಿಸಲಾಗದ ದೀರ್ಘಕಾಲದ ಕೆಲಸದ ಒತ್ತಡದ ಪರಿಣಾಮವೆಂದು ವಿವರಿಸಿ, ಮೂರು ಲಕ್ಷಣಗಳನ್ನು ಹೇಳಿತು: ಶಕ್ತಿ ಬತ್ತಿಹೋಗುವುದು, ಕೆಲಸದಿಂದ ಮನಸ್ಸು ದೂರವಾಗುವುದು, ತನ್ನ ಕೈಯಲ್ಲಿ ಏನೂ ಸಾಗುತ್ತಿಲ್ಲವೆನಿಸುವುದು. ನಿದ್ದೆಗೆಟ್ಟದ್ದಕ್ಕಿಂತ ನನ್ನನ್ನು ಹೆಚ್ಚು ಸವೆಸಿದ್ದು ಈ ಮೂರನೆಯದು. ಅರ್ಥವಾಗದೆ ಸರಿಪಡಿಸಿದ ಕೆಲಸದಿಂದ ಯಾರಿಗೂ ತೃಪ್ತಿ ಸಿಗುವುದಿಲ್ಲ, ಅದು ಮರುದಿನ ಮತ್ತೆ ಕೆಟ್ಟೀತೆಂಬ ಭಯವೂ ಹೋಗುವುದಿಲ್ಲ.

ಹಾಗಾಗಿ ರಾಜೀನಾಮೆಯ ಮಾತಿಗೆ ಮೊದಲು ಒಂದು ತಿಂಗಳು ಲೆಕ್ಕ ಬರೆಯಿರಿ ಎನ್ನುತ್ತೇನೆ. ಪ್ರತಿ ಅಲರ್ಟ್ ಎಷ್ಟು ಹೊತ್ತಿಗೆ ಬಂತು, ಏನು ಮಾಡಿದಿರಿ, ಬೆಳಗಿನವರೆಗೆ ಕಾಯಬಹುದಿತ್ತೇ, ಮಾಡಿದ್ದು ನಿಮಗೆ ಅರ್ಥವಾಗಿತ್ತೇ. ನನ್ನ ನೋಟ್‌ಬುಕ್ಕಿನಲ್ಲಿ ಅರ್ಧಕ್ಕಿಂತ ಹೆಚ್ಚಿನವು ಕಾಯಬಹುದಾದವೇ ಆಗಿದ್ದವು. ಟೆಸ್ಟ್ ಸರ್ವರಿನ ಸಿಪಿಯು ಏರಿತೆಂದು ನಡುರಾತ್ರಿ ಎದ್ದು ಕೂತಿದ್ದೆ! ಅಂಥವನ್ನು ಆಫೀಸಿನ ಹೊತ್ತಿಗೆ ತಳ್ಳಿದೆ. ವೆಬ್‌ಸೈಟಿನ ಸಂಪರ್ಕವನ್ನು ಸುರಕ್ಷಿತವಾಗಿಡುವ, 90 ದಿನಗಳ ಎಸ್‌ಎಸ್‌ಎಲ್ ಸರ್ಟಿಫಿಕೇಟ್ ಮುಗಿಯುವ ಎಚ್ಚರಿಕೆ ಕೊನೆಯ ರಾತ್ರಿಯ ಬದಲು ಮೂರು ವಾರ ಮುಂಚೆ, ಹಗಲಿನಲ್ಲೇ ಬರುವಂತೆ ಮಾಡಿದೆ.

ಮಾರ್ಗದರ್ಶನವೆಂದೊಡನೆ ಬಹಳಷ್ಟು ಜನ ಕುಬರ್ನೆಟಿಸ್ (ಬಹಳಷ್ಟು ಕಂಟೇನರುಗಳನ್ನು ಒಟ್ಟಿಗೆ ನಿಭಾಯಿಸುವ ತಂತ್ರಾಂಶ) ಕೋರ್ಸ್ ಕೊಳ್ಳುತ್ತಾರೆ. ಕೊಳ್ಳಲಿ, ಆದರೆ ನನಗೆ ಬೇಕಾಗಿದ್ದುದು ನಮ್ಮ ಸರ್ವರಿನ ಆಪರೇಟಿಂಗ್ ಸಿಸ್ಟಮ್ ಆದ ಲಿನಕ್ಸ್ ಗೊತ್ತಿದ್ದ ಒಬ್ಬ ಮನುಷ್ಯ, ಅವರು ಸಿಕ್ಕಿದ್ದು ಬೇರೆ ತಂಡದಲ್ಲಿ. ಡೇಟಾಬೇಸಿನವರು, ನೆಟ್‌ವರ್ಕಿನವರು, ಹಳೆಯ ಸಿಸ್ಟಮ್ ಅಡ್ಮಿನ್‌ಗಳು ಈ ಕೆಲಸವನ್ನು ಅದಕ್ಕೆ ಈ ಹೆಸರು ಬರುವ ಮುಂಚಿನಿಂದ ಮಾಡಿದವರು. ಏನಾಯಿತು, ಏನೇನು ಪ್ರಯತ್ನಿಸಿದೆ ಎಂದು ನಾಲ್ಕು ಸಾಲು ಬರೆದು ಕೇಳಿದರೆ ಅವರು ಸಾಮಾನ್ಯವಾಗಿ ಇಲ್ಲವೆನ್ನುವುದಿಲ್ಲ. ನೀವು ಮಾಡುವ ಬದಲಾವಣೆ ಪ್ರೊಡಕ್ಷನ್‌ಗೆ, ಅಂದರೆ ಗ್ರಾಹಕರು ಬಳಸುವ ಸರ್ವರಿಗೆ, ಹೋಗುವ ಮೊದಲು ಒಬ್ಬ ಡೆವಲಪರ್ ಆದರೂ ಅದನ್ನು ಓದುವಂತೆ ನೋಡಿಕೊಳ್ಳಿ.

ರಜೆಯಲ್ಲೂ ನಿದ್ದೆ ಹತ್ತದಿದ್ದರೆ ಲೆಕ್ಕಪತ್ರ ಆಮೇಲಿರಲಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು.

ಆ ನೋಟ್‌ಬುಕ್ ಹಿಡಿದು ಮ್ಯಾನೇಜರ್ ಬಳಿಗೆ ಹೋದೆ. ಗೂಗಲ್‌ನ ಎಂಜಿನಿಯರುಗಳು 2016ರಲ್ಲಿ ತಮ್ಮ ಪದ್ಧತಿಯನ್ನು ಪ್ರಕಟಿಸಿದಾಗ, ಹನ್ನೆರಡು ಗಂಟೆಯ ಪಾಳಿಗೆ ಹೆಚ್ಚೆಂದರೆ ಎರಡು ಘಟನೆಗಳು ಎಂದೂ, ಒಂದೇ ಊರಿನ ತಂಡವಾದರೆ ಆನ್‌-ಕಾಲ್ ಸರದಿಗೆ, ಅಂದರೆ ತೊಂದರೆಯಾದಾಗ ಯಾವ ಹೊತ್ತಿನಲ್ಲೂ ಕರೆಗೆ ಏಳುವ ಪಾಳಿಗೆ, ಕನಿಷ್ಠ ಎಂಟು ಜನ ಬೇಕೆಂದೂ ಹೇಳಿದ್ದರು. ಎಂಟು ಜನರನ್ನು ಕೇಳುವ ಹುಚ್ಚು ನನಗಿರಲಿಲ್ಲ, ಇನ್ನೊಬ್ಬರನ್ನು ಕೇಳಿದೆ. "ಮುಂದಿನ ಕ್ವಾರ್ಟರ್‌ನಲ್ಲಿ ನೋಡೋಣ" ಎಂಬ ಉತ್ತರ ಎರಡನೆಯ ಸಲವೂ ಬಂದಾಗ ಬೇರೆ ಕೆಲಸ ಹುಡುಕತೊಡಗಿದೆ.

ಪ್ರತಿ ಸಂದರ್ಶನದ ಕೊನೆಗೂ ನಾನು ಒಂದೇ ಪ್ರಶ್ನೆ ಕೇಳುತ್ತಿದ್ದೆ: ಕಳೆದ ವಾರ ಆನ್‌-ಕಾಲ್‌ನಲ್ಲಿ ಯಾರಿದ್ದರು, ರಾತ್ರಿ ಎಷ್ಟು ಸಲ ಎದ್ದರು? ಒಂದು ಕಡೆ ಮೂವರೂ ಪರಸ್ಪರ ಮುಖ ನೋಡಿಕೊಂಡರು. ಇನ್ನೊಂದು ಕಡೆ ಸಂದರ್ಶನ ಮಾಡುತ್ತಿದ್ದ ಮಹಿಳೆ ತಮ್ಮ ಲ್ಯಾಪ್‌ಟಾಪನ್ನು ನನ್ನತ್ತ ತಿರುಗಿಸಿ ಸರದಿಯ ಪಟ್ಟಿಯನ್ನು ತೋರಿಸಿದರು. ಅದರಲ್ಲಿ ಆರು ಹೆಸರುಗಳಿದ್ದವು, ಹಿಂದಿನ ವಾರದವರು ಒಮ್ಮೆ ಎದ್ದಿದ್ದರು, ಏಕೆಂಬುದನ್ನೂ ಬರೆದಿಟ್ಟಿದ್ದರು. ಏಳನೆಯ ಹೆಸರು ನನ್ನದಾಯಿತು.