ಇಳಿಯದೆ ಬಂದ ಮೂರು ಬಂದರು

ಮೂರು ಬಂದರು ನೋಡೋಣ ಅಂತ ಹೊರಟೆವು. ಮೂರರಲ್ಲಿ ಒಂದಕ್ಕೂ ಕಾಲಿಡಲಿಲ್ಲ. ಮಯಾಮಿಯಿಂದ ಏಳು ರಾತ್ರಿಯ ಕೆರಿಬಿಯನ್ ಕ್ರೂಸ್. ಮೊದಲು ಗ್ರ್ಯಾಂಡ್ ಕೇಮನ್, ಆಮೇಲೆ ಹೊಂಡುರಾಸ್‌ನ ರೊವಾಟಾನ್ ದ್ವೀಪ, ಕೊನೆಗೆ ಮೆಕ್ಸಿಕೋದ ಕೊಜುಮೆಲ್. ಹೊರಟಿದ್ದು ಅಕ್ಟೋಬರ್ ಎರಡನೇ ವಾರದ ಭಾನುವಾರ.

ಅಕ್ಟೋಬರ್ ಯಾಕೆ ಅಂದರೆ ಟಿಕೆಟ್ ಅಗ್ಗ ಇತ್ತು. ಯಾಕೆ ಅಗ್ಗ ಅನ್ನೋದೂ ಗೊತ್ತಿತ್ತು. ಅಟ್ಲಾಂಟಿಕ್‌ನಲ್ಲಿ ಜೂನ್ 1ರಿಂದ ನವೆಂಬರ್ 30ರವರೆಗೆ ಹರಿಕೇನ್, ಅಂದರೆ ಚಂಡಮಾರುತದ ಕಾಲ. ಸೆಪ್ಟೆಂಬರ್ 10ರ ಆಸುಪಾಸಿನಲ್ಲಿ ಅದರ ಜೋರು ಜಾಸ್ತಿ. ಅದು ಕಳೆದು ಒಂದು ತಿಂಗಳಾಯ್ತಲ್ಲ ಅಂತ ನಾವು ಧೈರ್ಯ ಮಾಡಿದೆವು. ಆದರೆ ಅಕ್ಟೋಬರ್ ಬಂತೆಂದರೆ ಚಂಡಮಾರುತ ಹುಟ್ಟುವ ಜಾಗ ಪಶ್ಚಿಮ ಕೆರಿಬಿಯನ್ ಕಡೆ ಸರಿಯುತ್ತದೆ. ಅಲ್ಲಿನ ನೀರು ಆಗಲೂ ಬೆಚ್ಚಗಿರುತ್ತದೆ. 1998ರ ಮಿಚ್, 2005ರ ವಿಲ್ಮಾ ಎರಡೂ ಅಕ್ಟೋಬರ್‌ನವೇ. ಗಾಳಿಯ ಒತ್ತಡ ಇಳಿದಷ್ಟೂ ಚಂಡಮಾರುತ ಜೋರು. ವಿಲ್ಮಾದ ನಡುವೆ ಅದು 882 ಮಿಲಿಬಾರ್‌ಗೆ ಇಳಿದಿತ್ತು. ಅಟ್ಲಾಂಟಿಕ್‌ನ ದಾಖಲೆಯಲ್ಲಿ ಅದಕ್ಕಿಂತ ಕಡಿಮೆ ಇನ್ನೊಂದಿಲ್ಲ. ಅದು ಹಾದುಹೋಗಿದ್ದು ನಾವು ಇಳಿಯಬೇಕಿದ್ದ ಕೊಜುಮೆಲ್ ಮೇಲೇ. ಇದನ್ನೆಲ್ಲ ನಾನು ಓದಿಕೊಂಡಿದ್ದು ಹಡಗು ಹತ್ತಿದ ಮೇಲೆ. ಹತ್ತುವ ಮುಂಚೆ ಓದಬೇಕಿತ್ತು.

ಸೋಮವಾರ ಪೂರ್ತಿ ಸಮುದ್ರದಲ್ಲೇ. ಕ್ಯೂಬಾದ ಪಶ್ಚಿಮ ತುದಿ ಸುತ್ತಿಕೊಂಡು ದಕ್ಷಿಣಕ್ಕೆ ಇಳಿಯುತ್ತಿದ್ದೆವು. ನೀರು ತಟ್ಟೆಯ ಹಾಗೆ ಸಮತಟ್ಟಾಗಿತ್ತು. ಮಧ್ಯಾಹ್ನ ಊಟದ ಹೊತ್ತಿಗೆ ಕ್ಯಾಪ್ಟನ್ ದನಿ ಕೇಳಿಸಿತು. ಹೊಂಡುರಾಸ್‌ನ ಈಶಾನ್ಯಕ್ಕೆ ವಾಯುಭಾರ ಕುಸಿತ ಆಗಿದೆ, ಎರಡು ದಿನದಲ್ಲಿ ಹರಿಕೇನ್ ಆಗಬಹುದು, ರೊವಾಟಾನ್‌ಗೆ ಹೋಗುವುದಿಲ್ಲ, ಕೇಮನ್ ಬಗ್ಗೆ ನಾಳೆ ಬೆಳಗ್ಗೆ ಹೇಳುತ್ತೇನೆ ಅಂದರು. ಪಕ್ಕದ ಟೇಬಲ್‌ನಲ್ಲಿ ಒಬ್ಬರು ಚಮಚ ಕೆಳಗಿಟ್ಟು ಸುಮ್ನೆ ಕಿಟಕಿಯ ಆಚೆ ನೋಡಿದರು. ಆಚೆ ಮೋಡವೇ ಇರಲಿಲ್ಲ.

ಮಂಗಳವಾರ ಬೆಳಗ್ಗೆ ಬಾಲ್ಕನಿಗೆ ಬಂದರೆ ಎದುರಿಗೇ ಗ್ರ್ಯಾಂಡ್ ಕೇಮನ್‌ನ ಜಾರ್ಜ್ ಟೌನ್. ಬಿಳಿ ಕಟ್ಟಡಗಳು, ನೀಲಿ ಆಕಾಶ, ಗಾಳಿಯೂ ಇಲ್ಲ. ಅಲ್ಲಿ ದೊಡ್ಡ ಹಡಗು ಕಟ್ಟಲು ಕಟ್ಟೆ ಇಲ್ಲ. ಹಡಗು ದೂರದಲ್ಲಿ ನಿಲ್ಲುತ್ತದೆ, ಟೆಂಡರ್ ಅನ್ನುವ ಸಣ್ಣ ದೋಣಿಗಳಲ್ಲಿ ಜನರನ್ನು ದಡಕ್ಕೆ ಬಿಡುತ್ತಾರೆ. ನಾನು ಟೋಪಿ ಹಾಕಿಕೊಂಡು ಕೆಳಗಿನ ಡೆಕ್‌ನ ಸಾಲಿನಲ್ಲಿ ನಿಂತೆ. ಮುಂದೆ ಇದ್ದಿದ್ದರಿಂದ ತೆರೆದ ಬಾಗಿಲಿನ ಹತ್ತಿರ ಏನಾಗುತ್ತಿದೆ ಅಂತ ಕಾಣುತ್ತಿತ್ತು.

ದೋಣಿ ಹಡಗಿನ ಪಕ್ಕಕ್ಕೆ ಬಂತು. ಬಾಗಿಲಿನ ಮಟ್ಟಕ್ಕೆ ಸರಿಯಾಗಿ ನಿಂತಿತು ಅನ್ನುವಷ್ಟರಲ್ಲಿ ನಿಧಾನಕ್ಕೆ ಮೇಲೆದ್ದಿತು. ಒಂದು ಆಳೆತ್ತರ. ಒಂದು ಕ್ಷಣ ಅಲ್ಲೇ ನಿಂತು, ಆಮೇಲೆ ಅಷ್ಟೇ ಕೆಳಗೆ ಇಳಿಯಿತು. ಅಲೆ ಒಡೆಯುವ ನೊರೆ ಇಲ್ಲ, ಸದ್ದೂ ಇಲ್ಲ. ಸಮುದ್ರವೇ ಉಸಿರೆಳೆದುಕೊಂಡು ಬಿಟ್ಟ ಹಾಗೆ. ಹಗ್ಗ ಹಿಡಿದಿದ್ದ ಹುಡುಗ ಮೂರು ಸಲ ಕಟ್ಟಲು ನೋಡಿದ. ಮೂರನೇ ಸಲ ಹಗ್ಗ ಅವನ ಕೈಯಿಂದ ಕಿತ್ತುಕೊಂಡು ಹೋಯಿತು. ಅವನು ಕೈಗವಸು ತೆಗೆದು ಅಂಗೈ ನೋಡಿಕೊಂಡ. ಹಿಂದೆ ನಿಂತಿದ್ದ ಅಧಿಕಾರಿ ರೇಡಿಯೋದಲ್ಲಿ ಏನೋ ಹೇಳಿದರು. ಹತ್ತು ನಿಮಿಷಕ್ಕೆ ಕೇಮನ್ ರದ್ದಾಯಿತು.

ಮೇಲಿನ ಡೆಕ್‌ನಲ್ಲಿ ಜನ ರೇಗಾಡಿದರು. ಇಷ್ಟು ಒಳ್ಳೆ ಹವೆ ಇದೆ, ದ್ವೀಪ ಕಾಣ್ತಾ ಇದೆ, ಇಳಿಸೋಕೆ ಏನು ಕಷ್ಟ ಅಂತ. ಕೆಳಗೆ ಆ ದೋಣಿ ನೋಡದೆ ಇದ್ದಿದ್ದರೆ ನಾನೂ ಹಾಗೇ ಅನ್ನುತ್ತಿದ್ದೆ. ಚಂಡಮಾರುತ ಎಬ್ಬಿಸಿದ ಅಲೆ ಅದಕ್ಕಿಂತ ಎಷ್ಟೋ ಮುಂದೆ ಓಡುತ್ತದೆ. ನೂರಾರು ಮೈಲಿ ದೂರದಲ್ಲಿ ಎದ್ದ ಉಬ್ಬು ಇಲ್ಲಿಗೆ ಬರುವ ಹೊತ್ತಿಗೆ ಗಾಳಿ ಇರುವುದಿಲ್ಲ, ಮೋಡ ಇರುವುದಿಲ್ಲ, ಬರೀ ನೀರಿನ ಏರಿಳಿತ ಮಾತ್ರ ಬಂದು ತಲುಪುತ್ತದೆ. ಹಡಗಿಗೆ ಅದು ಲೆಕ್ಕಕ್ಕಿಲ್ಲ. ಆದರೆ ಹಡಗಿನಿಂದ ದೋಣಿಗೆ ಕಾಲು ದಾಟಿಸುವ ವಯಸ್ಸಾದವರಿಗೆ ಅಷ್ಟೇ ಸಾಕು ಮೂಳೆ ಮುರಿಯೋಕೆ.

ಅವತ್ತು ಮಧ್ಯಾಹ್ನ ಹಡಗಿನ ಒಬ್ಬ ಅಧಿಕಾರಿ ಥಿಯೇಟರ್‌ನಲ್ಲಿ ನಕ್ಷೆ ಹಾಕಿ ಎಲ್ಲ ವಿವರಿಸಿದರು. ಇಡೀ ಪ್ರವಾಸದಲ್ಲಿ ನನಗೆ ತುಂಬ ಹಿಡಿಸಿದ ಒಂದು ಗಂಟೆ ಅದು. ಮಯಾಮಿಯ ನ್ಯಾಷನಲ್ ಹರಿಕೇನ್ ಸೆಂಟರ್ ಆರು ಗಂಟೆಗೊಮ್ಮೆ ಮುನ್ಸೂಚನೆ ಕೊಡುತ್ತದೆ. ಟಿವಿಯಲ್ಲಿ ಹವಾಮಾನ ನಕ್ಷೆಯ ಮೇಲೆ ಚಂಡಮಾರುತದ ಮುಂದೆ ಕಾಣುವ ಆ ಬಿಳಿ ಶಂಕು ಇದೆಯಲ್ಲ, ಅದು ಚಂಡಮಾರುತದ ಅಗಲ ಅಲ್ಲವಂತೆ. ಅದರ ನಡುಬಿಂದು ಎಲ್ಲೆಲ್ಲಿ ಹೋಗಬಹುದು ಅನ್ನುವ ಅಂದಾಜು ಅಷ್ಟೇ. ಶಂಕುವಿನ ಹೊರಗಿದ್ದೇವೆ, ಹಾಗಾಗಿ ಕ್ಷೇಮ ಅಂದುಕೊಳ್ಳುವುದು ತಪ್ಪು. ನಾನು ಹಿಂದಿನ ರಾತ್ರಿ ಹಾಗೇ ಅಂದುಕೊಂಡು ಮಲಗಿದ್ದೆ.

ನಾವಿಕರಿಗೆ ಒಂದು ಲೆಕ್ಕ ಇದೆ, 1-2-3 ನಿಯಮ ಅಂತಾರೆ. ಮುನ್ಸೂಚನೆ 24 ಗಂಟೆಯದಾದರೆ 100 ನಾಟಿಕಲ್ ಮೈಲಿ ತಪ್ಪಬಹುದು, 48 ಗಂಟೆಯದಾದರೆ 200, 72 ಗಂಟೆಯದಾದರೆ 300. ನಡುಬಿಂದುವಿನಿಂದ ಜೋರು ಗಾಳಿ ಎಷ್ಟು ದೂರ ಹರಡಿದೆಯೋ ಅದಕ್ಕೆ ಅಷ್ಟನ್ನೂ ಸೇರಿಸಿ ಒಂದು ವೃತ್ತ ಎಳೆಯಬೇಕು. ಆ ವೃತ್ತದೊಳಗೆ ಹಡಗು ಹೋಗಬಾರದು. ಅವರು ನಕ್ಷೆಯ ಮೇಲೆ ವೃತ್ತ ಎಳೆದರು. ಕೊಜುಮೆಲ್ ಒಳಗೆ. ಕ್ಯೂಬಾ ಮತ್ತು ಮೆಕ್ಸಿಕೋ ನಡುವಿನ, ನಾವು ಬಂದ ಯುಕಟಾನ್ ಜಲಸಂಧಿ ಒಳಗೆ. ವಾಪಸ್ ಅದೇ ದಾರಿಯಲ್ಲಿ ಹೋಗುವಂತಿಲ್ಲ. ಆದ್ದರಿಂದ ಪೂರ್ವಕ್ಕೆ ಹೋಗಿ, ಜಮೈಕಾದ ಉತ್ತರಕ್ಕೆ ಹಾದು, ಕ್ಯೂಬಾ ಮತ್ತು ಹೈಟಿ ನಡುವಿನ ಕಿಂಡಿಯಲ್ಲಿ ನುಸುಳಿ, ಬಹಾಮಾಸ್‌ನ ನಸೌ ಸೇರುವುದು. ನಮ್ಮ ಹಡಗು ಗಂಟೆಗೆ ಸುಮಾರು 40 ಕಿಲೋಮೀಟರ್ ಓಡುತ್ತದೆ. ಇಲ್ಲಿನ ಚಂಡಮಾರುತಗಳು ಸಾಮಾನ್ಯವಾಗಿ ಅದರ ಅರ್ಧ ವೇಗದಲ್ಲಿ ಚಲಿಸುತ್ತವೆ. ಬೇಗ ನಿರ್ಧಾರ ಮಾಡಿದರೆ ತಪ್ಪಿಸಿಕೊಳ್ಳಬಹುದು.

ಎಲ್ಲ ಹಡಗಿಗೂ ಹಾಗೆ ಆಗಿಲ್ಲ. 1998ರಲ್ಲಿ ಮಿಚ್ ಬಂದಾಗ ಫ್ಯಾಂಟೋಮ್ ಅನ್ನುವ ಹಾಯಿ ಹಡಗು ಇದೇ ನೀರಿನಲ್ಲಿ ಪ್ರವಾಸಿಗರನ್ನು ಸುತ್ತಿಸುತ್ತಿತ್ತು. ಪ್ರವಾಸಿಗರನ್ನು ಬೆಲೀಜ್‌ನಲ್ಲಿ ಇಳಿಸಿ, ರೊವಾಟಾನ್‌ನ ಮರೆಗೆ ಹೋಗೋಣ ಅಂತ ಹೊರಟಿತು. ಮಿಚ್ ಅಂದುಕೊಂಡ ಕಡೆಗೆ ಹೋಗದೆ ದಕ್ಷಿಣಕ್ಕೆ ತಿರುಗಿತು. ಹಡಗಿನಲ್ಲಿದ್ದ 31 ಸಿಬ್ಬಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಇದನ್ನು ತಿಳಿದ ಮೇಲೆ ಕೇಮನ್ ತಪ್ಪಿದ ಬೇಜಾರು ನನ್ನಲ್ಲಿ ಉಳಿಯಲಿಲ್ಲ.

ಸಂಜೆ ನಾಲ್ಕಕ್ಕೆ ಈಜುಕೊಳದ ನೀರು ಬಿಟ್ಟು ಮೇಲೆ ಬಲೆ ಕಟ್ಟಿದರು. ಹೊರಗಿನ ಡೆಕ್‌ನ ಬಾಗಿಲುಗಳಿಗೆ ಬೀಗ ಬಿತ್ತು. ಲಿಫ್ಟ್‌ಗಳ ಪಕ್ಕ, ಮೆಟ್ಟಿಲಿನ ಕಂಬಿಗಳಲ್ಲಿ ಕಾಗದದ ಚೀಲಗಳನ್ನು ಸಾಲಾಗಿ ಸಿಕ್ಕಿಸಿದ್ದರು. ವಾಂತಿಗೆ. ಅದನ್ನು ನೋಡಿಯೇ ಅರ್ಧ ಜನರಿಗೆ ಹೊಟ್ಟೆ ತೊಳಸಿತು.

ಚಂಡಮಾರುತ ನಮ್ಮ ಹಿಂದೆ, ಪಶ್ಚಿಮಕ್ಕಿತ್ತು. ಆದರೂ ಅದು ಸುತ್ತಲಿನ ಗಾಳಿಯನ್ನೆಲ್ಲ ತನ್ನ ಕಡೆಗೆ ಎಳೆಯುತ್ತಿತ್ತು. ಪೂರ್ವದ ಗಾಳಿ ಬಿರುಸಾಗಿ ನೇರ ಹಡಗಿನ ಮುಖಕ್ಕೇ ಹೊಡೆಯಿತು. ನಮ್ಮ ಕ್ಯಾಬಿನ್ ಒಂಬತ್ತನೇ ಡೆಕ್‌ನಲ್ಲಿ, ಹಡಗಿನ ಮೂತಿಯ ಹತ್ತಿರ. ನೋಟ ಚೆನ್ನಾಗಿರುತ್ತದೆ ಅಂತ ಆರಿಸಿಕೊಂಡಿದ್ದೆವು. ಹೊಯ್ದಾಟ ಜಾಸ್ತಿ ಇರುವುದೂ ಅಲ್ಲೇ. ಹಡಗಿನ ಹೊಟ್ಟೆಯ ಎರಡು ಪಕ್ಕಕ್ಕೆ ರೆಕ್ಕೆಯಂಥ ಸ್ಟೆಬಿಲೈಸರ್‌ಗಳಿರುತ್ತವೆ. ಅವು ಎಡ ಬಲ ಓಲಾಡುವುದನ್ನು ತಡೆಯುತ್ತವೆ. ಮೂತಿ ಎದ್ದು ಬೀಳುವುದಕ್ಕೆ ಅವು ಏನೂ ಮಾಡಲಾರವು.

ರಾತ್ರಿ ಒಂದೂವರೆಗೆ ಬೀರುವಿನ ಖಾಲಿ ಹ್ಯಾಂಗರ್‌ಗಳು ಒಂದಕ್ಕೊಂದು ತಾಕುವ ಸದ್ದು ಶುರುವಾಯಿತು. ಆಮೇಲೆ ಗೋಡೆಯ ಹಲಗೆಗಳು ಕಿರ್ರ್ ಅಂದವು. ಹಾಸಿಗೆ ಮೇಲೇರುತ್ತದೆ, ಮೈ ಹಗುರ ಆಗುತ್ತದೆ, ಆಮೇಲೆ ಕೆಳಗೆಲ್ಲೋ ಧಡ್ ಅಂತ ಹೊಡೆತ. ಕಬ್ಬಿಣವೇ ಬಿರಿಯಿತೇನೋ ಅನ್ನುವ ಹಾಗೆ ಇಡೀ ಕೋಣೆ ನಡುಗುತ್ತದೆ. ನೀರಿನ ಲೋಟ ಮೇಜಿನ ಮೇಲೆ ಅಂಗೈಯಗಲ ಜರುಗಿ ಅಂಚಿನಲ್ಲಿ ನಿಂತಿತು. ನಾನು ಲೋಟ ತೆಗೆದು ಸಿಂಕ್‌ನಲ್ಲಿಟ್ಟೆ.

"ರೀ, ಎಚ್ಚರ ಇದ್ದೀರಾ?"

"ನಿದ್ದೆ ಎಲ್ಲಿ ಬರುತ್ತೆ? ಮಾತಾಡಿಸಬೇಡ, ಬಾಯಿ ಬಿಟ್ಟರೆ ವಾಂತಿ ಆಗುತ್ತೆ."

ಮಾತ್ರೆ ಇತ್ತು. ಆದರೆ ಅದನ್ನು ಹೊಟ್ಟೆ ಕೆಡುವ ಮುಂಚೆ ತಗೋಬೇಕು, ಕೆಟ್ಟ ಮೇಲಲ್ಲ. ಕೊನೆಗೆ ಅವರ ತೋಳು ಹಿಡಿದುಕೊಂಡು, ಗೋಡೆ ಸವರಿಕೊಂಡು, ಐದನೇ ಡೆಕ್‌ನ ನಡುಭಾಗಕ್ಕೆ ಇಳಿದೆವು. ತೂಗುಮಣೆಯ ನಡುವಿನಲ್ಲಿ ಏರಿಳಿತ ಕಡಿಮೆ ಇರುತ್ತದಲ್ವಾ, ಹಾಗೆ ಅಲ್ಲಿ ಅರ್ಧಕ್ಕರ್ಧ ಕಡಿಮೆ ಅನಿಸಿತು. ನಮಗಿಂತ ಮುಂಚೆ ಇಪ್ಪತ್ತು ಜನ ದಿಂಬು ತಂದು ಕಾರ್ಪೆಟ್ ಮೇಲೆ ಮಲಗಿದ್ದರು. ಒಬ್ಬ ಅಜ್ಜಿ ನಮಗೆ ಹಸಿರು ಸೇಬಿನ ಹೋಳು ಕೊಟ್ಟು, ನಿಧಾನಕ್ಕೆ ಅಗಿಯಿರಿ ಅಂದರು. ನಮ್ಮವರಿಗೆ ಅದರಿಂದ ಹಾಯೆನಿಸಿತು. ಬೆಳಗಾದ ಮೇಲೆ ಕಿಟಕಿಯಲ್ಲಿ ದಿಗಂತದ ಗೆರೆಯನ್ನೇ ದಿಟ್ಟಿಸಿ ಕೂತರು. ಕಣ್ಣಿಗೆ ಕಾಣುವುದೂ ಒಳಗಿವಿಗೆ ಗೊತ್ತಾಗುವುದೂ ಒಂದೇ ಆದಾಗ ತಲೆ ತಿರುಗುವುದು ಕಡಿಮೆಯಾಗುತ್ತದೆ.

ಬುಧವಾರ ಬೆಳಗ್ಗೆ ಕ್ಯಾಬಿನ್‌ಗೆ ವಾಪಸ್ ಬಂದಾಗ ನಮ್ಮ ಕೋಣೆ ನೋಡಿಕೊಳ್ಳುವ ಹುಡುಗ ಹಾಸಿಗೆ ಸರಿ ಮಾಡುತ್ತಿದ್ದ. ಹೊಂಡುರಾಸ್‌ನ ಲಾ ಸೀಬಾದವನು. ರೊವಾಟಾನ್‌ಗೆ ಎದುರಿನ ದಡದ ಊರು ಅದು. ದಿನಾ ನಗುನಗುತ್ತಾ ಮಾತಾಡುತ್ತಿದ್ದವನು ಅವತ್ತು ತಲೆ ಎತ್ತಲಿಲ್ಲ. ಮನೆಯವರು ಹೇಗಿದ್ದಾರೆ ಅಂತ ಕೇಳಿದೆ. ದಿಂಬಿನ ಗವಸು ಕೈಯಲ್ಲೇ ಹಿಡಿದುಕೊಂಡು ನಿಂತ.

"ಇವತ್ತು ಅಮ್ಮ, ಮಗಳು ಇಬ್ಬರೂ ಫೆರ್ರಿಯಲ್ಲಿ ರೊವಾಟಾನ್‌ಗೆ ಬರಬೇಕಿತ್ತು ಮೇಡಂ. ನನಗೆ ನಾಲ್ಕು ಗಂಟೆ ಬಿಡುವು ಸಿಕ್ಕಿತ್ತು. ಐದು ತಿಂಗಳಾಯ್ತು ನೋಡಿ."

ಕಾರಿಡಾರ್‌ನ ಅವನ ಗಾಡಿಯಲ್ಲಿ, ಮಡಚಿದ ಟವೆಲ್‌ಗಳ ಕೆಳಗೆ, ಒಂದು ಗುಲಾಬಿ ಬಣ್ಣದ ಸ್ಕೂಲ್ ಬ್ಯಾಗ್ ಇತ್ತು. ಪ್ಲಾಸ್ಟಿಕ್ ಕವರ್ ಕೂಡ ತೆಗೆದಿರಲಿಲ್ಲ. ಮಿಚ್ ಬಂದಾಗ ಅವನಿಗೆ ಎಂಟು ವರ್ಷ. ಗಾಳಿಗಿಂತ ಮಳೆಗೇ ಭಯ ಮೇಡಂ ಅಂದ. ಆ ಸಲ ಮಿಚ್ ಹೊಂಡುರಾಸ್ ಹತ್ತಿರ ಬಂದು ನಿಧಾನ ಆಗಿಬಿಟ್ಟಿತು, ದಿನಗಟ್ಟಲೆ ಮಳೆ ಸುರಿಯಿತು, ಗುಡ್ಡಗಳು ಕುಸಿದವು. ಮಧ್ಯ ಅಮೆರಿಕದಲ್ಲಿ ಸತ್ತವರು 11,000ಕ್ಕೂ ಹೆಚ್ಚು. ಅವನ ಮೊಬೈಲ್‌ನಲ್ಲಿ ಮಂಗಳವಾರ ರಾತ್ರಿಯಿಂದ ಅಮ್ಮನಿಗೆ ಕಳಿಸಿದ ಸಂದೇಶಗಳ ಸಾಲಿತ್ತು. ಒಂದಕ್ಕೂ ಉತ್ತರ ಇರಲಿಲ್ಲ. ಹಿಂದಿನ ದಿನ ಬಂದರು ತಪ್ಪಿತು ಅಂತ ನಾನೂ ಕೊಂಚ ಗೊಣಗಿದ್ದೆ, ಅದೂ ಅವನ ಎದುರಿಗೇ. ಅದು ಈಗಲೂ ನನ್ನನ್ನು ಚುಚ್ಚುತ್ತದೆ.

ಗುರುವಾರ ನಸೌ. ನಮ್ಮ ಹಾಗೇ ದಿಕ್ಕು ಬದಲಿಸಿ ಬಂದ ಹಡಗುಗಳು ಅಲ್ಲಿ ಸಾಲಾಗಿ ನಿಂತಿದ್ದವು. ಪೇಟೆಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ಒಂದು ಸುತ್ತು ಹಾಕಿ ವಾಪಸ್ ಬಂದೆವು.

ಅಷ್ಟರಲ್ಲಿ ಹರಿಕೇನ್ ಯುಕಟಾನ್ ಜಲಸಂಧಿ ದಾಟಿ ಫ್ಲೋರಿಡಾ ಕಡೆ ತಿರುಗಿತ್ತು. ಅಮೆರಿಕದ ಕೋಸ್ಟ್ ಗಾರ್ಡ್ ಬಂದರಿಗೆ ನಾಲ್ಕು ಹಂತದ ಎಚ್ಚರಿಕೆ ಇಟ್ಟಿದೆ. ಬಿರುಗಾಳಿಗೆ 72 ಗಂಟೆ ಇದೆ ಅನ್ನುವಾಗ ವಿಸ್ಕಿ, 48ಕ್ಕೆ ಎಕ್ಸ್‌ರೇ, 24ಕ್ಕೆ ಯಾಂಕಿ, 12ಕ್ಕೆ ಝೂಲು. ಝೂಲು ಅಂದರೆ ಬಂದರು ಪೂರ್ತಿ ಬಂದ್. ಶನಿವಾರ ಮಯಾಮಿ ಝೂಲು ಆಯಿತು. ಗಾಳಿ ಹೋದ ತಕ್ಷಣ ತೆರೆಯುವುದೂ ಇಲ್ಲ. ಹಡಗು ಬರುವ ಕಾಲುವೆಯಲ್ಲಿ ಏನಾದರೂ ಮುಳುಗಿದೆಯಾ, ದಾರಿ ತೋರುವ ತೇಲುಗುರುತುಗಳು ಜಾಗದಲ್ಲಿವೆಯಾ ಅಂತ ನೋಡಿದ ಮೇಲೇ ಬಿಡುವುದು. ಭಾನುವಾರ ಇಳಿಯಬೇಕಾದವರು ಬಹಾಮಾಸ್‌ನ ಪೂರ್ವಕ್ಕೆ ಒಂದಿಡೀ ದಿನ ಸುತ್ತುತ್ತಾ ಕಾದೆವು.

ಆ ಒಂದು ದಿನ ನಮಗೆ ತೊಂದರೆ ಕೊಟ್ಟಿದ್ದು ಮಾತ್ರೆಯ ವಿಷಯದಲ್ಲಿ. ನಮ್ಮವರ ಬಿಪಿ ಮಾತ್ರೆ ಲೆಕ್ಕ ಹಾಕಿ ಅಷ್ಟೇ ತಂದಿದ್ದೆವು. ಹಡಗಿನ ಆಸ್ಪತ್ರೆಯಲ್ಲಿ ಸಿಕ್ಕಿತು ಸರಿ, ಸಿಗದಿದ್ದರೆ? ಈ ಕಾಲದಲ್ಲಿ ಹೋಗುವವರು ದಯವಿಟ್ಟು ನಾಲ್ಕು ದಿನದ್ದು ಜಾಸ್ತಿ ಇಟ್ಟುಕೊಳ್ಳಿ, ಅದೂ ಕೈಚೀಲದಲ್ಲಿ. ವಿಮಾನವಂತೂ ತಪ್ಪಿತು. ನಮ್ಮ ಇನ್ಶೂರೆನ್ಸ್ ತಿಂಗಳುಗಳ ಮುಂಚೆ ಮಾಡಿಸಿದ್ದು, ಹಾಗಾಗಿ ಹೊಸ ಟಿಕೆಟ್ಟಿನ ದುಡ್ಡು ಸಿಕ್ಕಿತು. ನಮ್ಮ ಊಟದ ಟೇಬಲ್‌ನ ದಂಪತಿ ಸೋಮವಾರ ರಾತ್ರಿ ಹಡಗಿನಿಂದಲೇ ಆನ್‌ಲೈನ್‌ನಲ್ಲಿ ಮಾಡಿಸಲು ನೋಡಿದ್ದರು. ಎದುರಿಗೆ ಬಂದು ನಿಂತ ಚಂಡಮಾರುತಕ್ಕೆ ಆಮೇಲೆ ಮಾಡಿಸಿದ ಪಾಲಿಸಿ ಅನ್ವಯಿಸುವುದಿಲ್ಲ. ಇಳಿಯದ ಬಂದರುಗಳ ಶುಲ್ಕ ಮಾತ್ರ ಹಡಗಿನವರು ವಾಪಸ್ ಕೊಟ್ಟರು. ದಾರಿ ಬದಲಿಸುವ ಹಕ್ಕು ಅವರಿಗಿದೆ, ಟಿಕೆಟ್ಟಿನ ಕರಾರಿನಲ್ಲೇ ಬರೆದಿರುತ್ತದೆ. ಆ ಹಕ್ಕು ಅವರ ಕೈಯಲ್ಲಿರುವುದೇ ಸರಿ ಅಂತ ನನಗೀಗ ಅನಿಸುತ್ತದೆ. ದುಡ್ಡು ವಾಪಸ್ ಕೊಡಬೇಕಾಗುತ್ತಲ್ಲ ಅಂತ ಯಾವ ಕ್ಯಾಪ್ಟನ್ನೂ ಅನುಮಾನಿಸುತ್ತಾ ಮುಂದೆ ಹೋಗಬಾರದು.

ಸೋಮವಾರ ಬೆಳಗ್ಗೆ ಐದೂವರೆಗೆ ಮಯಾಮಿಯ ದೀಪಗಳು ಕಂಡವು. ಪೆಟ್ಟಿಗೆ ಹೊರಗಿಡೋಣ ಅಂತ ಬಾಗಿಲು ತೆಗೆದರೆ ಆ ಹುಡುಗ ಅಲ್ಲೇ ನಿಂತಿದ್ದ. ರಾತ್ರಿ ಫೋಟೋ ಬಂದಿದೆ ಅಂತ ಮೊಬೈಲ್ ತೋರಿಸಿದ. ಅಡುಗೆಮನೆಯ ಗೋಡೆಯಲ್ಲಿ ಮೊಣಕಾಲೆತ್ತರಕ್ಕೆ ಕೆಸರಿನ ಗೆರೆ. ಊಟದ ಮೇಜಿನ ಮೇಲೆ ಅವನ ಮಗಳು ಬರಿಗಾಲಲ್ಲಿ ಕೂತಿದ್ದಳು, ಪಕ್ಕದಲ್ಲಿ ಒಣಗಲು ಹರಡಿದ ಅವಳ ಪುಸ್ತಕಗಳು. ಅಜ್ಜಿ ಕಾಣಲಿಲ್ಲ. ಫೋಟೋ ತೆಗೆದಿದ್ದು ಅವರೇ ಅಂತ ಅವನೇ ಹೇಳಿದ.

ಮತ್ತೆ ರೊವಾಟಾನ್ ಯಾವಾಗ ಅಂತ ಕೇಳಿದೆ.

"ಇನ್ನು ಎರಡು ವಾರಕ್ಕೆ, ಬುಧವಾರ," ಅಂದ. ಗಾಡಿಯ ಕೆಳಗಿನ ಬ್ಯಾಗನ್ನು ಇನ್ನಷ್ಟು ಒಳಕ್ಕೆ ತಳ್ಳಿ, ಮೇಲೆ ಒಗೆದ ಟವೆಲ್‌ಗಳನ್ನು ಜೋಡಿಸಿಕೊಂಡು ಪಕ್ಕದ ಕೋಣೆಗೆ ಹೋದ. ಮಧ್ಯಾಹ್ನಕ್ಕೆ ಹೊಸ ಪ್ರವಾಸಿಗರು ಬರುವವರಿದ್ದರು.