ಬಿಡದಿಯಲ್ಲೊಂದು ಬಾಡಿಗೆ ರೂಮು

ಅಣ್ಣನ ಮಗನಿಗೆ ಬಿಡದಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಟ್ರೈನಿ ಕೆಲಸ ಸಿಕ್ಕಿತು. ಕೆಂಗೇರಿಯಲ್ಲಿ ನಮ್ಮ ಮನೆಯಲ್ಲೇ ಇದ್ದುಕೊಂಡು ಓಡಾಡು ಅಂದರೆ ಒಪ್ಪಲಿಲ್ಲ. "ಬೆಳಗಿನ ಶಿಫ್ಟು ಆರಕ್ಕೇ ಶುರು ಚಿಕ್ಕಪ್ಪ, ಇಲ್ಲಿಂದ ಆಗಲ್ಲ" ಅಂದ. ಸರಿ, ಭಾನುವಾರ ಬೆಳಿಗ್ಗೆ ಇಬ್ಬರೂ ರೂಮು ಹುಡುಕಲು ಹೊರಟೆವು. ಮೆಟ್ರೊ ಚಲ್ಲಘಟ್ಟಕ್ಕೇ ಮುಗಿದುಹೋಗುತ್ತದೆ. ಅಲ್ಲಿಂದಾಚೆಗೆ ಬಸ್ಸು, ಇಲ್ಲದಿದ್ದರೆ ಮೆಮು ರೈಲು. ನಾವು ಕೆಂಗೇರಿಯಲ್ಲಿ ರೈಲು ಹತ್ತಿದೆವು. ಹೆಜ್ಜಾಲ ದಾಟಿದರೆ ಬಿಡದಿ.

ಬಿಡದಿಗೆ ಹೋಗಿ ತಟ್ಟೆ ಇಡ್ಲಿ ತಿನ್ನದೆ ಕೆಲಸ ಶುರು ಮಾಡುವುದುಂಟೇ? ಹಳೇ ರಸ್ತೆಯ ಹೋಟೆಲೊಂದಕ್ಕೆ ನುಗ್ಗಿದೆವು. ಹಿಂದೆಲ್ಲಾ ಮೈಸೂರಿಗೆ ಹೋಗುವ ಕಾರುಗಳು ಇಲ್ಲಿ ಸಾಲುಗಟ್ಟಿರುತ್ತಿದ್ದವು, ಮೇಜು ಖಾಲಿಯಾಗುವವರೆಗೆ ತಿನ್ನುವವರ ಬೆನ್ನ ಹಿಂದೆ ಕಾಯಬೇಕಿತ್ತು. ಈಗ ಕೂತ ತಕ್ಷಣ ಇಡ್ಲಿ ಬಂತು, ಮೇಲೆ ಬೆಣ್ಣೆ ಇನ್ನೂ ಕರಗುತ್ತಿತ್ತು. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಆದ ಮೇಲೆ ಕಾರಿನವರು ಬೈಪಾಸಿನಲ್ಲೇ ಹೋಗಿಬಿಡುತ್ತಾರೆ. "ಈಗ ನಮ್ಗೆ ಫ್ಯಾಕ್ಟ್ರಿ ಹುಡುಗ್ರೇ ದೇವ್ರು. ಶಿಫ್ಟ್ ಬಿಟ್ಟಾಗ ಬಂದ್ ನೋಡಿ, ಕಾಲಿಡಕ್ ಜಾಗ ಇರಲ್ಲ" ಅಂದರು ಗಲ್ಲಾದಲ್ಲಿದ್ದವರು. ನನ್ನ ಪಕ್ಕದಲ್ಲೂ ಒಬ್ಬ ಹೊಸ ದೇವರು ಕೂತು ಎರಡನೇ ತಟ್ಟೆ ಮುಗಿಸುತ್ತಿದ್ದ.

ರೂಮಿನ ವಿಷಯಕ್ಕೆ ಬರುತ್ತೇನೆ. ಊರೊಳಗೆ ನೋಡಿದವೆಲ್ಲ ಒಂದೇ ಥರ. ಉದ್ದಕ್ಕೆ ಆರೇಳು ಬಾಗಿಲು, ಮೇಲೆ ಶೀಟು, ಕೊನೆಯಲ್ಲಿ ಎಲ್ಲರಿಗೂ ಸೇರಿ ಒಂದು ಬಚ್ಚಲು. ಪ್ರತಿ ಬಾಗಿಲ ಮುಂದೆಯೂ ಸೇಫ್ಟಿ ಶೂಗಳ ರಾಶಿ. ತಾರಸಿ ಹಾಕಿದ ಮನೆಗಳ ನೆತ್ತಿಯಲ್ಲಿ ಕಂಬಿಗಳು ಎದ್ದು ನಿಂತಿದ್ದವು. ತುಕ್ಕು ಹಿಡಿಯದಿರಲೆಂದು ಒಂದೊಂದರ ತುದಿಗೂ ಖಾಲಿ ನೀರಿನ ಬಾಟಲಿ ಬೋರಲು ಹಾಕಿದ್ದರು. ಇನ್ನೊಂದು ಮಹಡಿ ಎಬ್ಬಿಸುವ ಆಸೆ. ಟೊಯೊಟಾ ಬಂದದ್ದು ತೊಂಬತ್ತರ ದಶಕದ ಕೊನೆಗೆ, ವಂಡರ್‌ಲಾ 2005ರಲ್ಲಿ. ಅಲ್ಲಿಂದೀಚೆಗೆ ಊರು ಬೆಳೆದಿರುವುದು ಹೀಗೇ, ಬಾಡಿಗೆ ಬಂದಷ್ಟು ಇಟ್ಟಿಗೆ ಏರಿಸಿಕೊಂಡು.

ಬ್ರೋಕರ್ ಹುಡುಗ ಕೊನೆಗೆ ಬೈರಮಂಗಲದ ಕಡೆ ಕರೆದುಕೊಂಡು ಹೋದ. "ಸ್ವಲ್ಪ ಒಳಗೆ ಸಾರ್, ಆದ್ರೆ ರೇಟ್ ಕಮ್ಮಿ." ರೇಟು ಯಾಕೆ ಕಮ್ಮಿ ಅನ್ನುವುದು ಕಾಲುವೆ ಹತ್ತಿರವಾಗುತ್ತಿದ್ದಂತೆ ಮೂಗಿಗೇ ಗೊತ್ತಾಯಿತು. ಕಪ್ಪು ನೀರು, ಅದರ ಮೇಲೆ ಸೋಪಿನ ನೊರೆ ಥರ ಬಿಳಿ ನೊರೆ. ವೃಷಭಾವತಿ ನಮ್ಮ ಕೆಂಗೇರಿಯನ್ನು ಹಾಯ್ದು ಇಲ್ಲಿನ ಬೈರಮಂಗಲ ಕೆರೆ ಸೇರುತ್ತಾಳೆ. ನಾನು ರೈಲು ಹತ್ತಿ ಬಿಡದಿ ತಲುಪುವುದು ಯಾವಾಗಲೋ ಒಮ್ಮೆ, ನಮ್ಮನೆ ಬಚ್ಚಲ ನೀರು ಮಾತ್ರ ದಿನಾ ಬರುತ್ತಿದೆ. ಆ ನೀರಿನಲ್ಲೇ ದನದ ಹುಲ್ಲು, ಬೇಬಿ ಕಾರ್ನ್ ಹಚ್ಚಗೆ ಬೆಳೆದು ನಿಂತಿದ್ದವು.

ಮನೆಯೊಡತಿ ಹಟ್ಟಿಯಲ್ಲಿ ಸಗಣಿ ಬಾಚುತ್ತಿದ್ದರು. ಹುಡುಗನನ್ನು ನೋಡಿದವರೇ "ಕಿತ್ನಾ ಆದ್ಮಿ?" ಅಂದರು. "ಒಬ್ನೇ ಆಂಟಿ" ಅಂದ ಇವನು. "ಅಯ್ಯೋ, ನಮ್ಮೋನೇ! ಬನ್ನಿ, ಕೂತ್ಕಳಿ" ಅಂತ ಕೈ ತೊಳೆದುಕೊಂಡು ಬಂದು ಕಾಫಿ ಕೊಟ್ಟರು. ನಮ್ಮೋನೇ ಆದರೂ ಬಾಡಿಗೆಯಲ್ಲಿ ಒಂದು ರೂಪಾಯಿ ಇಳಿಸಲಿಲ್ಲ, ಅದು ಬೇರೆ ಮಾತು.

ಮೂರು ರೂಮಿಗೆ ಯಾಕೆ ನಿಲ್ಲಿಸಿದಿರಿ, ಇಷ್ಟು ಜಾಗ ಇದೆಯಲ್ಲ ಅಂತ ಸುಮ್ಮನೆ ಕೇಳಿದೆ. ಅಲ್ಲಿಂದ ಕಥೆ ಬಿಚ್ಚಿಕೊಂಡಿತು. 2006ರಲ್ಲಿ ಕುಮಾರಸ್ವಾಮಿ ಮುಖ್ಯಮಂತ್ರಿಯಾಗಿದ್ದಾಗ ಬೆಂಗಳೂರಿನ ಸುತ್ತ ಐದು ಟೌನ್‌ಶಿಪ್ ಮಾಡುತ್ತೇವೆಂದು ಹೊರಟಿದ್ದರಲ್ಲ: ಬಿಡದಿ, ರಾಮನಗರ, ಸಾತನೂರು, ಸೋಲೂರು, ನಂದಗುಡಿ. ಆಗಲೇ ಇವರ ಜಮೀನಿನ ಸರ್ವೆ ನಂಬರೂ ಸ್ವಾಧೀನದ ಪಟ್ಟಿಗೆ ಸೇರಿತಂತೆ. ಟೌನ್‌ಶಿಪ್ ಬರಲಿಲ್ಲ, ಪಟ್ಟಿಯೂ ಹೋಗಲಿಲ್ಲ. 2025ರಲ್ಲಿ ಅದೇ ಯೋಜನೆ ಹೊಸ ಹೆಸರಿನಲ್ಲಿ, 9,000 ಎಕರೆ ಆಸುಪಾಸಿನ ಲೆಕ್ಕದಲ್ಲಿ ಮತ್ತೆ ಬಂತು. ಅದೇ ವರ್ಷ ಸರ್ಕಾರ ರಾಮನಗರ ಜಿಲ್ಲೆಯನ್ನು ಬೆಂಗಳೂರು ದಕ್ಷಿಣ ಎಂದು ಕರೆಯಿತು. ಹೆಸರಿನ ಮಟ್ಟಿಗೆ ಇವರು ಕಾಲುವೆ ದಂಡೆಯಲ್ಲಿ ಕೂತೇ ಬೆಂಗಳೂರಿನವರಾದರು.

"ಕಟ್ಟಿದ್ರೆ ನಾಳೆ ಕೆಡವ್ತಾರೇನೋ, ಕಟ್ಟದಿದ್ರೆ ಬಾಡಿಗೆ ಹೋಯ್ತು. ಏನ್ ಮಾಡದು ಹೇಳಿ?" ಅಂದರು ಆಕೆ. ಗಂಡ ಒಳಗಿನಿಂದಲೇ "ಒಳ್ಳೆ ರೇಟ್ ಕೊಟ್ರೆ ಕೊಟ್‌ಬುಡದೇ. ಇನ್ನೆಷ್ಟ್ ವರ್ಷ ಕಾಯದು" ಅಂದರು. ಅದೇ ಹಟ್ಟಿಯ ಆಚೆ ಬಾಗಿಲಲ್ಲಿ ಬೀಡಿ ಸೇದುತ್ತಿದ್ದ ಮೈದುನ ಧರಣಿಗೆ ಹೋಗಿ ಬಂದವನು. "ದುಡ್ಡು ಇಸ್ಕೊಂಡು ಎಲ್ಲಿ ದನ ಕಟ್ಟೀಯೆ? ಅಪಾರ್ಟ್‌ಮೆಂಟಲ್ಲಾ?" ಅಂತ ಅಲ್ಲಿಂದಲೇ ಕೂಗಿದ. ಹಾಲಿನ ಡೇರಿ ದುಡ್ಡಿನಲ್ಲಿ ಮನೆ ನಡೆಯುವುದು ನಿಂತರೆ ಆಮೇಲೆ ಏನು ಎಂಬ ಅವನ ಪ್ರಶ್ನೆಗೆ ಅಣ್ಣ ಉತ್ತರ ಕೊಡಲಿಲ್ಲ. ಇಷ್ಟು ವರ್ಷ ಕಾದವನು ಇನ್ನೂ ಯಾಕೆ ಕಾಯಬೇಕು ಎಂಬುದಕ್ಕೆ ತಮ್ಮನಲ್ಲೂ ಉತ್ತರವಿರಲಿಲ್ಲ. ನನಗಂತೂ ಇಬ್ಬರದೂ ಸರಿ ಅನ್ನಿಸಿತು. ಕೊಡುವುದೋ ಬಿಡುವುದೋ, ಯಾವುದಾದರೂ ಒಂದು ತೀರ್ಮಾನ ಇಪ್ಪತ್ತು ವರ್ಷದ ಹಿಂದೆಯೇ ಆಗಿದ್ದರೆ ಇವರ ಬದುಕು ಎತ್ತಲಾದರೂ ಹರಿಯುತ್ತಿತ್ತು.

ನಾನಿರುವ ಕೆಂಗೇರಿ ಉಪನಗರವೂ ಒಂದು ಕಾಲಕ್ಕೆ ಊರಾಚೆಯ ಸ್ಯಾಟಲೈಟ್ ಟೌನೇ. 2007ರಲ್ಲಿ ಕೆಂಗೇರಿ ಪುರಸಭೆ ಬಿಬಿಎಂಪಿಯೊಳಗೆ ಸೇರಿಹೋಯಿತು. ನಮ್ಮ ಸೈಟಿನ ಜಾಗದಲ್ಲಿ ಮೊದಲು ಏನು ಬೆಳೆಯುತ್ತಿದ್ದರು, ಅವರೆಲ್ಲ ಎಲ್ಲಿ ಹೋದರು ಎಂದು ನಾನು ಯಾವತ್ತೂ ವಿಚಾರಿಸಿದವನಲ್ಲ. ಆ ಹಟ್ಟಿಯಲ್ಲಿ ಕೂತಾಗ ಕೇಳಬೇಕೆನಿಸಿತು, ಹೇಳುವವರು ಈಗ ಯಾರಿದ್ದಾರೆ?

ಹುಡುಗನಿಗೆ ರೂಮು ಹಿಡಿಸಿತು. ಕಂಪನಿ ಬಸ್ಸು ಮುಖ್ಯರಸ್ತೆವರೆಗೆ ಬರುತ್ತದೆ, ವಾಸನೆ ನಾಲ್ಕು ದಿನದಲ್ಲಿ ಅಭ್ಯಾಸವಾಗುತ್ತದೆ ಅಂದ. ಅಡ್ವಾನ್ಸ್ ಎಣಿಸಿ ಕೊಟ್ಟೆ. ಕರೆಂಟ್ ಬಿಲ್ಲು ಬೇರೆ, ನೀರು ಬೆಳಿಗ್ಗೆ ಮಾತ್ರ, ರಾತ್ರಿ ಗಲಾಟೆ ಮಾಡಂಗಿಲ್ಲ ಎಂದು ಆಕೆ ಕಟ್ಟುಪಾಡು ಒಪ್ಪಿಸಿದರು. ನಾವು ಎದ್ದು ಹೊರಟಾಗ ಗೇಟಿನವರೆಗೂ ಬಂದು, "ನಿಮ್ದು ಕೆಂಗೇರಿ ಅಂದ್ರಲ್ಲ ಸಾರ್, ನಮ್ ಹುಡ್ಗಿಗೆ ಅಲ್ಲೇ ಕಾಲೇಜು. ಯಾವ್ದಾರ ಒಳ್ಳೆ ಪಿಜಿ ಇದ್ರೆ ಹೇಳಿ, ರೇಟ್ ಮಾತ್ರ ಜಾಸ್ತಿ ಇರಬಾರ್ದು" ಅಂದರು. ನಂಬರ್ ಬರೆದುಕೊಂಡೆ.