ಮೂರನೆಯ ಮಗು ಮತ್ತು ಪಂಚಾಯಿತಿಯ ಕುರ್ಚಿ

ಇಬ್ಬರಿಗಿಂತ ಹೆಚ್ಚು ಮಕ್ಕಳಿರುವವರು ಪಂಚಾಯಿತಿಯ ಸದಸ್ಯರಾಗಲಿ ಸರಪಂಚರಾಗಲಿ ಆಗಕೂಡದೆಂಬ ಹರಿಯಾಣದ 1994ರ ಕಾಯ್ದೆಯ ನಿಯಮವನ್ನು ಸುಪ್ರೀಂ ಕೋರ್ಟ್ 2003ರ ಜುಲೈನಲ್ಲಿ ಎತ್ತಿಹಿಡಿಯಿತು. ಜಾವೇದ್ ಪ್ರಕರಣವೆಂದು ಹೆಸರಾದ ಆ ತೀರ್ಪಿನ ಒಂದು ಮಾತು ನನ್ನನ್ನು ಇಂದಿಗೂ ಕಾಡುತ್ತದೆ. ಎಷ್ಟು ಮಕ್ಕಳಾಗಬೇಕೆಂಬುದು ಹೆಂಗಸಿನ ಕೈಯಲ್ಲಿಲ್ಲ ಎಂಬ ವಾದ ಮುಂದೆ ಬಂದಾಗ, ಬೇಡವಾದ ಮೂರನೆಯ ಮಗುವನ್ನು ಹೆರಲೇಬೇಕಾದಷ್ಟು ಅಸಹಾಯಕರು ಭಾರತದ ಹೆಣ್ಣುಮಕ್ಕಳಲ್ಲವೆಂದು ಪೀಠ ಅಭಿಪ್ರಾಯಪಟ್ಟಿತು.

ಎರಡು ಹೆಣ್ಣು ಹೆತ್ತು ಅತ್ತೆಮನೆಯಲ್ಲಿ ಬಾಳುವ ಸೊಸೆಯ ಪಾಡನ್ನು ಬಲ್ಲವರು ಈ ಮಾತನ್ನು ಅಷ್ಟು ಸುಲಭವಾಗಿ ಒಪ್ಪಲಾರರು. ಈ ಸಲವಾದರೂ ಗಂಡಾಗಲಿ ಎಂದು ಹರಕೆ ಹೊರುವವರು ಬೇರೆ, ಬಸಿರು ಹೊರುವವಳು ಬೇರೆ. ಸಂವಿಧಾನದ 73ನೆಯ ತಿದ್ದುಪಡಿ ಕನಿಷ್ಠ ಮೂರನೆಯ ಒಂದು ಪಾಲು ಸ್ಥಾನಗಳನ್ನು ಮೀಸಲಿಟ್ಟದ್ದರಿಂದ ಮೊದಲ ಸಲ ಪಂಚಾಯಿತಿಯ ಮೆಟ್ಟಿಲು ಹತ್ತಿದ ಹೆಂಗಸನ್ನು, ಆಕೆ ತಾನಾಗಿ ತೀರ್ಮಾನಿಸದ ಸಂಗತಿಗಾಗಿ ಈ ನಿಯಮ ಕೆಳಗಿಳಿಸಿತು. ಶಾಸಕರಿಗೂ ಸಂಸದರಿಗೂ ಇಂಥ ಕಟ್ಟಳೆ ಇರಲಿಲ್ಲ.

ಮಧ್ಯಪ್ರದೇಶದ ಮುಖ್ಯ ಕಾರ್ಯದರ್ಶಿಯಾಗಿದ್ದ ನಿರ್ಮಲಾ ಬುಚ್ ಅವರು ಐದು ರಾಜ್ಯಗಳಲ್ಲಿ ನಡೆಸಿದ ಅಧ್ಯಯನವು ಈ ನಿಯಮ ಮನೆಯೊಳಗೆ ಏನು ಮಾಡಿತೆಂಬುದನ್ನು ತೋರಿಸುತ್ತದೆ. ಸ್ಥಾನ ಉಳಿಸಿಕೊಳ್ಳಲು ಹೆಂಡತಿಯನ್ನು ತೊರೆದವರಿದ್ದರು, ಹುಟ್ಟಿದ ಮಗುವನ್ನು ದತ್ತು ಕೊಟ್ಟವರಿದ್ದರು, ಜನನವನ್ನೇ ಮುಚ್ಚಿಟ್ಟವರಿದ್ದರು, ಗರ್ಭಪಾತಗಳೂ ನಡೆದವು. ಗಂಡೇ ಬೇಕೆಂಬ ಹಟ ಹಾಗೆಯೇ ಉಳಿದು ಮಕ್ಕಳ ಲೆಕ್ಕ ಮಾತ್ರ ಎರಡಕ್ಕೆ ನಿಂತರೆ, ಅದರ ಬೆಲೆ ತೆರುವುದು ಹೊಟ್ಟೆಯೊಳಗಿನ ಹೆಣ್ಣುಕೂಸು. 2001ರ ಜನಗಣತಿಯಂತೆ ಆರು ವರ್ಷದವರೆಗಿನ ಸಾವಿರ ಗಂಡುಮಕ್ಕಳಿಗೆ 819 ಹೆಣ್ಣುಮಕ್ಕಳಷ್ಟೇ ಇದ್ದ ಹರಿಯಾಣದಲ್ಲಿ, ಆ ಕೊರತೆಗೆ ಈ ಕಾಯ್ದೆಯೊಂದೇ ಕಾರಣವಲ್ಲ ನಿಜ. ಆದರೆ ಅಂಥ ನೆಲದಲ್ಲಿ ಇದನ್ನು ತರುವ ಮುನ್ನ ಯೋಚಿಸಬೇಕಿತ್ತು. ಹರಿಯಾಣವೇ ಇದನ್ನು 2006ರಲ್ಲಿ ಕೈಬಿಟ್ಟಿತು.

ನಮ್ಮ ಕರ್ನಾಟಕದ ಪಂಚಾಯಿತಿಗಳಲ್ಲಿ ಇಂಥ ಅನರ್ಹತೆ ಇಲ್ಲ. ಆದರೂ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಇಲ್ಲಿನ ಒಟ್ಟು ಫಲವತ್ತತೆ ದರ, ಎಂದರೆ ಒಬ್ಬ ಹೆಂಗಸು ಸರಾಸರಿ ಹೆರುವ ಮಕ್ಕಳ ಸಂಖ್ಯೆ, 1.7ಕ್ಕೆ ಇಳಿದಿದೆ. ಹುಡುಗಿಯರು ಶಾಲೆಗೆ ಹೋದದ್ದು, ಮದುವೆಯ ವಯಸ್ಸು ಏರಿದ್ದು, ಹುಟ್ಟಿದ ಮಕ್ಕಳು ಬದುಕುಳಿಯುವರೆಂಬ ಭರವಸೆ ಬಂದದ್ದು ಈ ಇಳಿಕೆಗೆ ಸಾಕಾಯಿತೆಂದು ನಾನು ನಂಬುತ್ತೇನೆ.

ಪಕ್ಕದ ಆಂಧ್ರಪ್ರದೇಶ 1990ರ ದಶಕದಿಂದ ಪಾಲಿಸಿದ್ದ ಇದೇ ನಿಯಮವನ್ನು 2024ರಲ್ಲಿ ತೆಗೆದುಹಾಕಿತು. ಜನನ ಪ್ರಮಾಣ ತೀರ ಕುಸಿದಿದೆ, ಹೆಚ್ಚು ಮಕ್ಕಳು ಬೇಕು ಎಂಬುದು ಈಗ ಅಲ್ಲಿನ ಸರ್ಕಾರದ ಚಿಂತೆ. ಮೂರನೆಯದನ್ನು ಹೆತ್ತದ್ದಕ್ಕೆ ಅಂದು ಕುರ್ಚಿ ಬಿಟ್ಟ ಹೆಂಗಸಿಗೆ ಆ ಐದು ವರ್ಷಗಳ ಅವಧಿ ಮರಳಿ ಸಿಗಲಿಲ್ಲ.